ಬೆನ್ನ ಹಿಂದೆ ಒಂದು ಚಪ್ಪಾಳೆ

ಚಿಂತಾಮಣಿಯಲ್ಲಿ ಮೂರನೇ ದಿನದ ತರಬೇತಿ.
ಮಕ್ಕಳ ಕುರ್ಚಿಯಲ್ಲಿ ನಾವು ನಲವತ್ತು ಹೆಂಗಸರು,
ಮಂಡಿ ಗದ್ದಕ್ಕೆ ತಾಗುವ ಹಾಗೆ.
ಸಹಾಯಕಿ ಹೋಗಿ ಕಾರ್ಯಕರ್ತೆ ಆಗಬೇಕಾದರೆ
ಪಿಯುಸಿ ಬೇಕು, ಈ ಕಾಗದವೂ ಬೇಕು.
ನನ್ನ ಪಿಯುಸಿ ಹೋದ ವರ್ಷದ್ದು.
ಮಗಳೂ ನಾನೂ ಒಂದೇ ಸಲ ಬರೆದೆವು; ಇತಿಹಾಸದಲ್ಲಿ
ಅವಳಿಗಿಂತ ನನಗೆ ನಾಲ್ಕು ಹೆಚ್ಚು ಬಂತು.
ಆ ಮಾತು ಎತ್ತಲು ಅವಳು ಇನ್ನೂ ಬಿಡುವುದಿಲ್ಲ.

ಕಲಿಸುವವರು ನಗೀನಾ ಮೇಡಂ. ನನ್ನ ತಂಗಿಯ ವಯಸ್ಸೂ ಇಲ್ಲ.
ಬೋರ್ಡಿನ ಮೇಲೆ ಬರೆದರು: ಸೂಕ್ಷ್ಮ ಸ್ನಾಯುಗಳ ಬೆಳವಣಿಗೆ.
ಹೆಬ್ಬೆರಳು, ತೋರುಬೆರಳು, ನಡುವೆ ಒಂದು ಮಣಿ.
ಪಕ್ಕದ ಕೋನಮ್ಮನ ಕಿವಿಯಲ್ಲಿ ಅಂದೆ,
ಇದು ನಮ್ಮ ಹಿತಕವರೆ ಅಲ್ಲವೇನೇ?
ಧನುರ್ಮಾಸದಲ್ಲಿ ಅಂಗನವಾಡಿಯ ತುಂಬ ಇದೇ ಕೆಲಸ:
ನೆನೆದ ಅವರೆ, ಒತ್ತಿದರೆ ಪಿಚಕ್ ಎಂದು ಹಾರುವ ಬೇಳೆ,
ಹಾರಿದ್ದು ನನ್ನ ಮೂಗಿಗೆ ಬಡಿದರೆ
ಇಡೀ ಕೋಣೆ ನೆಲಕ್ಕೆ ಬಿದ್ದು ನಗು.
ಮೇಡಂಗೆ ಕೇಳಿಸಿತು. ಎದ್ದು ನಿಂತು ಹೇಳಿ ಎಂದರು.
ಹೇಳಿದೆ. ಬರೆದುಕೊಂಡರು.
ಆವತ್ತು ಬಡಿಸಿದ ಉಪ್ಪಿಲ್ಲದ ಸಾರೂ ರುಚಿಯಾಗಿತ್ತು.

ಊಟ ಆದ ಮೇಲಿನ ಪಾಠ, ನಿದ್ದೆ ತೂಗುವ ಹೊತ್ತು.
'ಮಗುವಿನ ಬೆನ್ನ ಹಿಂದೆ ನಿಲ್ಲಿ. ನೆರಳೂ ಬೀಳದಂತೆ.
ಒಂದು ಚಪ್ಪಾಳೆ. ತಿರುಗಿತಾ, ಇಲ್ಲವಾ,
ಅಷ್ಟೇ ನೋಡಿ.'
ಅಷ್ಟೇ.

ಚಲಪತಿ.

ನಮ್ಮ ಪಲ್ಲಿಯಲ್ಲಿ ಮನೆಯ ಮಾತು ತೆಲುಗು,
ಗೋಡೆಯ ಮೇಲಿನ ಅಕ್ಷರ ಕನ್ನಡ.
ನಡುವೆ ಒಂದು ಹೊಸ್ತಿಲು, ಅದನ್ನು
ಎಲ್ಲ ಮಕ್ಕಳೂ ಒಂದು ಬೇಸಗೆಯಲ್ಲಿ ದಾಟುತ್ತವೆ.
ಅವನು ದಾಟಲಿಲ್ಲ.
ಬಾ ಎಂದರೆ ನಕ್ಕ, ರಾರಾ ಎಂದರೂ ನಕ್ಕ.
ಅವರವ್ವನಿಗೆ ನಾನೇ ಹೇಳಿದ್ದು, ಜಗಲಿಯಲ್ಲಿ ಕೂತು:
ಭಾಷೆಯದ್ದು ಅಷ್ಟೇ ಕಣೇ, ವಸ್ತುಂದಿ ಲೇ, ಬರುತ್ತೆ ಬಿಡು.
ಟೀಚರ್ ರಜೆ ಹಾಕಿದ ದಿನ ರಿಜಿಸ್ಟರಿನಲ್ಲಿ
ಅವನ ಹೆಸರಿನ ಮುಂದೆ ನನ್ನದೇ ಕೈ:
ಹಟಮಾರಿ. ಕರೆದರೆ ಬರುವುದಿಲ್ಲ.
ಒಮ್ಮೆ ಕಿವಿ ಹಿಂಡಿದ್ದೆ.
ಅದೇ ಕಿವಿ.

ಏನಾಯಿತು, ಮೇಡಂ ಕೇಳಿದರು. ಕಣ್ಣಿಗೆ ಧೂಳು ಅಂದೆ.
ಕೋನಮ್ಮ ನೀರಿನ ಬಾಟಲಿ ಮುಂದೆ ಮಾಡಿದಳು.
ಹತ್ತೊಂಬತ್ತು ವರ್ಷ ಎಷ್ಟು ಚಪ್ಪಾಳೆ ತಟ್ಟಿದ್ದೇನೆ,
ಎಲ್ಲವೂ ಮಕ್ಕಳ ಮುಖದ ಎದುರೇ.

ಕೊನೆಯ ದಿನ ಪರೀಕ್ಷೆ. ಐದು ಅಂಕದ ಪ್ರಶ್ನೆ:
ಶೀಘ್ರ ಪತ್ತೆಯ ಮಹತ್ವವೇನು?
ಅರ್ಧ ಪುಟ ಜಾಗ ಬಿಟ್ಟಿದ್ದರು.
ಪುಸ್ತಕದಲ್ಲಿದ್ದ ನಾಲ್ಕು ಸಾಲು ಬರೆದೆ, ತಪ್ಪಿಲ್ಲದೆ.
ಅವನ ಹೆಸರು ಬರೆಯಲಿಲ್ಲ.
ಅಂಕಕ್ಕೆ ಕೊಡುವ ಹೆಸರಲ್ಲ ಅದು.

ಕಾಗದ ಕೈಗೆ ಬಂದಿದೆ. ಮುದ್ರೆ ಇನ್ನೂ ಹಸಿ. ನನ್ನ ಹೆಸರು
ಗಂಗರತ್ನಮ್ಮ ಹೋಗಿ ಗಂಗಾರತ್ನ ಆಗಿದೆ, ತಿದ್ದಿಸಬೇಕು.
ಚಲಪತಿಗೆ ಈಗ ಹದಿನಾರು. ಟೊಮೆಟೊ ಮಂಡಿಯಲ್ಲಿ
ಕ್ರೇಟು ಎತ್ತುತ್ತಾನೆ; ಲಾರಿ ಹಿಂದಕ್ಕೆ ಬರುವಾಗ
ಯಾರಾದರೂ ಅವನ ಅಂಗಿ ಹಿಡಿದು ಎಳೆಯುತ್ತಾರಂತೆ.
ನಮ್ಮ ಬಸ್ಸು ಆ ಮಂಡಿಯ ಮುಂದೆಯೇ ಹೋಗುತ್ತೆ.

ನಿಲ್ದಾಣದಲ್ಲಿ ಚೇಳೂರಿನ ಬಸ್ಸು ಹಾರನ್ ಹೊಡೆಯಿತು.
ಎಲ್ಲರೂ ತಿರುಗಿದರು.
ನಾನು ತಿರುಗಲಿಲ್ಲ, ನೋಡುತ್ತಾ ನಿಂತೆ
ತಾಯಂದಿರ ಸೊಂಟದ ಮೇಲಿನ ಒಂದೊಂದೇ ತಲೆ.