ಇಳಿತದ ಹೊತ್ತು

ಬರ್ಬೀಸ್ ಕರಾವಳಿಯಲ್ಲಿ ಕಡಲು ನೆಲಕ್ಕಿಂತ ಎತ್ತರ.
ಹೊಸಬರು ನಂಬುವುದಿಲ್ಲ.
ಇಗ್ನೇಶಿಯಸ್ ಅವರನ್ನು ಒಡ್ಡಿನ ಮೇಲೆ ಹತ್ತಿಸುತ್ತಿದ್ದ:
ಇತ್ತ ನೋಡಿ, ಅಲೆ ನಿಮ್ಮ ಮೊಣಕಾಲಿಗೆ.
ಅತ್ತ ನೋಡಿ, ಕಬ್ಬಿನ ಸೋಗೆ ನಿಮ್ಮ ಪಾದಕ್ಕೆ.

ಇಪ್ಪತ್ತಾರು ವರ್ಷ ತೂಬಿನ ಬಾಗಿಲು ಅವನ ಕೈಯಲ್ಲಿತ್ತು.
ಕಡಲು ಇಳಿದಾಗ ಎತ್ತು, ಗದ್ದೆಯ ನೀರು ಹೋಗಲಿ;
ಏರುವ ಮೊದಲು ಇಳಿಸು.
ಇಷ್ಟೇ ಕೆಲಸ. ಹೊತ್ತು ಗೊತ್ತುಮಾಡುವವನು ಚಂದ್ರ,
ಸಂಬಳ ಕೊಡುವವರು ಬೇರೆ.

ಆ ಮಾರ್ಚ್‌ನಲ್ಲಿ ಬಾಗಿಲಿನ ಕೆಳಹಲಗೆ ಕೊಳೆತಿತ್ತು,
ಅಂಗೈಯಗಲ. ಅರ್ಜಿ ಕೊಟ್ಟ. ಮತ್ತೆ ಕೊಟ್ಟ.
ರಾತ್ರಿಯೆಲ್ಲ ಆ ಸಂದಿಯಲ್ಲಿ ಕಡಲು
ಬೆಕ್ಕು ಹಾಲು ನೆಕ್ಕುವ ಸದ್ದಿನಲ್ಲಿ ಒಳಗೆ ಬಂತು.

ಮೊದಮೊದಲು ಏನೂ ಕಾಣಲಿಲ್ಲ.
ಮಣ್ಣು ಅಳೆಯುವ ನನ್ನ ಪೆಟ್ಟಿಗೆ ಒಂದು ಅಂಕಿ ಹೇಳಿತು,
ಬರೆದುಕೊಂಡೆ,
ಊಟಕ್ಕೆ ಹೋದೆ.

ಆಮೇಲೆ ಸೋಗೆ ಸುಟ್ಟಿತು, ಅಂಚಿನಿಂದ ಒಳಕ್ಕೆ,
ಇಸ್ತ್ರಿ ತಾಗಿದ ಬಟ್ಟೆಯ ಹಾಗೆ.
ಗೆಣ್ಣಿನಿಂದ ಗೆಣ್ಣಿಗೆ ಗೇಣು ಇರಬೇಕಾದಲ್ಲಿ
ಎರಡು ಬೆರಳು.
ಪಕ್ಕದಲ್ಲಿ ಹೊಸದಾಗಿ ನೆಟ್ಟ ತುಂಡುಗಳ ಕಣ್ಣು
ಜೇಡಿಯೊಳಗೇ ಕುರುಡಾಯಿತು.
ಕಾಲುವೆಯಲ್ಲಿ ನೀರು, ಬುಡದಲ್ಲಿ ನೀರು,
ಹನ್ನೊಂದನೆಯ ಗದ್ದೆ ಬಾಯಾರಿ ನಿಂತಿತು.
ಚೌಳು ಹಾಗೆಯೇ, ತುಂಬಿದ ಕೊಡದ ಬಾಯಿ ಮುಚ್ಚಿ
ಅದರ ಮೇಲೆ ಕೂತುಬಿಡುತ್ತದೆ.

ರಾಮ್‌ದುಲಾರಿ, ಕಡಿಯುವ ಗುಂಪಿನಲ್ಲಿ ಎಲ್ಲರಿಗಿಂತ ಹಳಬಳು,
ಜಲ್ಲೆ ಸಿಗಿದು, ಜಗಿದು, ಉಗುಳಿದಳು.
'ಕಬ್ಬಲ್ಲ ಇದು,' ಅಂದಳು,
'ಅತ್ತು ಮಲಗಿದ ಕೂಸಿನ ಕೆನ್ನೆ.'

ಕಾರ್ಖಾನೆಯಲ್ಲಿ ಆ ರಸ ಹರಳುಗಟ್ಟಲಿಲ್ಲ.
ಕುದಿಸಿದಷ್ಟೂ ಕಾಕಂಬಿ.

ವಿಚಾರಣೆಗೆ ಇಗ್ನೇಶಿಯಸ್ ಚರ್ಚಿನ ಅಂಗಿ ತೊಟ್ಟು ಬಂದ.
ಅರ್ಜಿಗಳು ಅವರಿಗೆ ಸಿಕ್ಕಿರಲಿಲ್ಲವಂತೆ.
ಬಾಗಿಲು ಯಾರ ಕೈಯಲ್ಲಿತ್ತು, ಎಂದು ಕೇಳಿದರು.
ನನ್ನದು, ಅಂದ.
ನನ್ನ ಪುಸ್ತಕ ಯಾರೂ ಕೇಳಲಿಲ್ಲ.
ನಾನೂ ಒಯ್ದಿರಲಿಲ್ಲ.

ಈಗ ಆ ಗದ್ದೆಗೆ ಹುಲ್ಲುಗಾವಲಿನ ಕಪ್ಪು ಸಿಹಿನೀರು ನಿಲ್ಲಿಸಿದ್ದಾರೆ,
ಮೊಣಕಾಲುದ್ದ, ಆರು ತಿಂಗಳು.
ಉಪ್ಪು ತಿಂದದ್ದು ನೀರು ಕುಡಿಯುತ್ತಿದೆ.
ಬೆಳ್ಳಕ್ಕಿ ಬಂದಿವೆ. ಹುಡುಗರು ಮೀನಿಗೆ ಬಲೆ ಬೀಸುತ್ತಾರೆ,
ಸಾಲುಗಳು ಎಲ್ಲಿದ್ದವೆಂದು ಅವರ ಕಾಲಿಗೆ ಗೊತ್ತು.

ತೂಬಿಗೆ ಹೊಸ ಹಲಗೆ, ಹೊಸ ಕಾವಲುಗಾರ.
ಇಗ್ನೇಶಿಯಸ್‌ಗೆ ಇಂದಿಗೂ ಇಳಿತದ ಹೊತ್ತಿಗೆ ಎಚ್ಚರವಾಗುತ್ತದಂತೆ,
ಎರಡೂವರೆಗೋ ಮೂರಕ್ಕೋ, ಚಂದ್ರ ಹೇಳಿದಾಗ.

ಆ ಹೊತ್ತಿಗೆ ನಾನೂ ಎದ್ದಿರುತ್ತೇನೆ.
ಮಾರ್ಚ್‌ನ ಹಾಳೆ ಹರಿದಿಲ್ಲ,
ಅಂಕಿ, ತಾರೀಖು, ನನ್ನ ಸಹಿ;
ಬೆವರಿದ ಬೆರಳಿಗೆ
ಸ್ವಲ್ಪ ಅಂಟುತ್ತದೆ, ಅಷ್ಟೆ.