ಬೇಲಿಯಂಚಿನ ಸೀಬೆ

ಆ ಮರವನ್ನು ಯಾರೂ ನೆಟ್ಟಿದ್ದಲ್ಲ.
ಆನ್ಸೆಲ್ಮೋನ ಕಂದು ಹಸು ಬೇಲಿ ಮುರಿದು ಬಂದು
ಒತಿಲಿಯಾಳ ಹುಲ್ಲು ಮೇದು
ಬಾಡಿಗೆಯೆಂಬಂತೆ ಸಗಣಿ ಹಾಕಿ ಹೋಯಿತು.
ಒಳಗಿತ್ತು ಬೀಜ, ಹಲ್ಲಿಗೂ ಬಗ್ಗದ್ದು.

ಕೊಲಂಬಿಯಾದ ಈ ಇಳಿಜಾರಿನಲ್ಲಿ ಸೀಬೆ ಹೀಗೇ,
ಹೇಳದೆ ಕೇಳದೆ.
ಹಡಗು ಹತ್ತಿ ಪೇರಲೆಯಾಗಿ ನಮ್ಮ ಹಿತ್ತಿಲಿಗೆ ಬರುವ ಮೊದಲೂ
ಹಕ್ಕಿಯ ಹೊಟ್ಟೆಯಲ್ಲಿ, ಬಾವಲಿಯ ಬಾಯಲ್ಲಿ
ಅಲೆದದ್ದೇ ಅದರ ಬೇಸಾಯ.

ನಾಲ್ಕನೇ ವರ್ಷ ಕಾಯಿ ಬಿಟ್ಟಿತು. ಜಗಳವೂ.
"ಬೀಜ ನನ್ನ ಹಸುವಿನದು."
"ನೆಲ ನನ್ನದು."
ಪಾದ್ರಿ ಬಂದರು, ಹಣ್ಣೊಂದು ಕಚ್ಚಿದರು,
ಅರ್ಧ ಹುಳ ಕಂಡು
ತೀರ್ಪು ಮರೆತು ಹೋದರು.

ಒತಿಲಿಯಾ ತಾಮ್ರದ ಕೊಪ್ಪರಿಗೆಯಲ್ಲಿ ತೊಳಸುತ್ತಾಳೆ.
ಕೆಂಪು ಪಾಕ ಬುಳಕ್ಕೆಂದು ಹಾರಿ
ಮುಂಗೈಗೆ ಮಚ್ಚೆಯಿಡುತ್ತದೆ.
ಆರಿದ ಮೇಲೆ ತುಂಡು, ಒಣಗಿದ ಬಿಹಾವೊ ಎಲೆಯ ಮಡಿಕೆ,
ಪೆಟ್ಟಿಗೆಗೆ ಹದಿನೆಂಟು.

ಆನ್ಸೆಲ್ಮೋ ಭೇದಿ ಹಿಡಿದು ಮಲಗಿದ ವಾರ
ಬೇಲಿಗೂಟದ ಮೇಲೊಂದು ಚೊಂಬು:
ಸೀಬೆಚಿಗುರಿನ ಕಷಾಯ, ಮಾತಿಲ್ಲದೆ.

ಚೊಂಬು ಮರಳಿತು, ತೊಳೆದು ಬೋರಲಾಗಿ.
ಕೆಳಗೆ ಬಟ್ಟೆಯಲ್ಲಿ ಸುತ್ತಿದ ಚೀಸು,
ಆ ಕಂದು ಹಸುವಿನದೇ.
ಸೀಬೆತುಂಡಿನ ಜೊತೆ ಕಚ್ಚಿದಳು. ಉಪ್ಪು, ಸಿಹಿ.

ಇವತ್ತು ಹಸು ಮತ್ತೆ ಬೇಲಿ ಮುರಿದಿದೆ.
ಓಡಿಸಲು ಕೋಲು ಹುಡುಕುತ್ತಿದ್ದಾಳೆ ಒತಿಲಿಯಾ,
ಎದುರಿಗೇ ಇದೆ,
ಇನ್ನೂ ಹುಡುಕುತ್ತಿದ್ದಾಳೆ.