ಪೇಂಟ್ ಬಕೆಟ್ಟಿನಲ್ಲಿ ಕಡಲು

ಮಾಕುಟ್ಟದ ತಿರುವು ಹತ್ತಿ ನಸುಕಿಗೆ ಬರುವ ಮೀನಿನ ಲಾರಿಯಲ್ಲಿ
ಮೂಸಾಕ ನನಗೊಂದು ಪೇಂಟ್ ಬಕೆಟ್ಟು ತಂದ.
‘ಇದನ್ನು ತಿನ್ನೋರಿಲ್ಲ ಟೀಚರೇ, ಬಲೆಯಿಂದ ಬಿಡಿಸಿ ಎಸೆಯೋದು.’
ಒಳಗೆ ತಲಶ್ಶೇರಿಯ ಉಪ್ಪುನೀರು,
ಎರಡು ಸ್ಪಂಜು: ಒಂದು ಕೆಂಪು, ಒಂದು ಅರಿಸಿನ.
ಬೆಲೆ ಕೇಳಿದೆ. ನಕ್ಕು, ಅರ್ಧ ಕಿಲೊ ಮತ್ತಿ ತೂಗಿದ.

ವಿರಾಜಪೇಟೆಯ ನಮ್ಮ ಲ್ಯಾಬಿಗೆ
ಕಡಲು ಜೀವಂತ ಬಂದದ್ದು ಇದೇ ಮೊದಲು;
ಜಾಡಿಗಳಲ್ಲಿರುವುದೆಲ್ಲ ಫಾರ್ಮಲಿನ್ನಲ್ಲಿ ಬಿಳಿಚಿಕೊಂಡ ಹೆಸರುಗಳು.
ಅಕ್ಕನ ಹಳೆಯ ವಸ್ತ್ರ ಹರಿದು, ಒದ್ದೆ ಮಾಡಿ,
ಎರಡನ್ನೂ ಒಟ್ಟಿಗೆ ಗಂಟು ಕಟ್ಟಿ ಹಿಂಡಿದೆ.
ಗಾಜಿನ ಬಟ್ಟಲಲ್ಲಿ ಒಂದೇ ಮೋಡ,
ಯಾವ ಕಣ ಯಾರದೆಂದು ನನಗೇ ತಿಳಿಯದು.
‘ಸತ್ತವಾ ಮೇಡಂ?’ ಎಂದಳು ನಫೀಸತ್.
ಕಾಯೋಣ, ಎಂದೆ.

ಕಣ್ಣಿಲ್ಲ, ನರವಿಲ್ಲ, ತಲೆಯೆಂಬುದೇ ಇಲ್ಲ;
ಕನ್ನಡಿ ಹುಟ್ಟುವ ಕೋಟಿ ಕೋಟಿ ವರ್ಷ ಮೊದಲೇ
ತಮ್ಮನ್ನು ತಾವು ತಡವಿ ಗುರುತಿಟ್ಟುಕೊಂಡವು.
ಬಂಡೆ ಒಂದೇ, ನೆರೆಯವರು ಹಲವರು;
ಮೈಗೆ ಮೈ ತಾಗಿದಲ್ಲೆಲ್ಲ ಅದೇ ಪ್ರಶ್ನೆ:
ನೀನು ನಾನೋ?
ಹೌದಾದರೆ ಬೆಸುಗೆ. ಅಲ್ಲವಾದರೆ
ನಡುವೆ ಸತ್ತ ಕೋಶಗಳದೊಂದು ಕದಂಗ.

ಎರಡನೆಯ ದಿನ ಅರಿಸಿನದ್ದು ಕೊಳೆತು ನಾತ ಹೊಡೆಯಿತು.
ಕೆಂಪು ಮಾತ್ರ ಬಟ್ಟಲ ತಳದಲ್ಲಿ
ಸಾಸಿವೆ ಸಾಸಿವೆಯಾಗಿ ಒಟ್ಟುಗೂಡಿತ್ತು,
ಒಂದು ಹಳದಿ ಚುಕ್ಕೆಯನ್ನೂ ಒಳಗೆ ಬಿಟ್ಟುಕೊಂಡಿರಲಿಲ್ಲ.
ಹುಡುಗರು ಚಪ್ಪಾಳೆ ತಟ್ಟಿದರು.
ನಾನು ಗಡಿಯಾರ ನೋಡಿದೆ. ಹತ್ತು. ಮಾತ್ರೆಯ ಹೊತ್ತು.

ನನ್ನ ಬಲ ಕಿಬ್ಬೊಟ್ಟೆಯಲ್ಲಿ ಅಕ್ಕನದೊಂದು ಮೂತ್ರಪಿಂಡ,
ನಾಲ್ಕು ವರ್ಷದಿಂದ ದುಡಿಯುತ್ತಿದೆ.
ಅವಳ ಮದುವೆಯಲ್ಲಿ ಹನ್ನೆರಡು ಹರಳೆಣಿಸಿ
ಹನ್ನೊಂದು ಆಚೆಯ ಒಕ್ಕಕ್ಕೆ ಹೋದವಂತೆ,
ಒಂದು ತವರಲ್ಲೇ ಉಳಿಯಿತಂತೆ, ಅವಳ ಪಾಲಿಗೆ.
(ಆಸ್ಪತ್ರೆಯಲ್ಲಿ ಈ ಕತೆ ಹೇಳಹೋದರೆ
ಹರಳೆಂದೊಡನೆ ಡಾಕ್ಟರು ಸ್ಕ್ಯಾನ್ ಬರೆದರು.)

ರಕ್ತ ಹೊಂದಿತು. ಅಂಗಾಂಶ ಅರ್ಧ ಹೊಂದಿತು.
ಉಳಿದರ್ಧಕ್ಕೆ ನನ್ನ ಮೈ ಇಂದಿಗೂ
ಪೆರುಂಬಾಡಿ ಗೇಟಿನ ಪೊಲೀಸಿನಂತೆ ಟಾರ್ಚು ಬಿಡುತ್ತದೆ: ಯಾರದು?
ಅಕ್ಕನೇ ಮಾರಾಯ, ನನ್ನ ಜಡೆ ಹೆಣೆದವಳು, ಎಂದರೆ
ಕೇಳಲು ಅದಕ್ಕೆ ಕಿವಿಯಿಲ್ಲ.
ಅಷ್ಟು ಹಳೆಯದು ಅದು, ಕಡಲಿನದು.
ಅದಕ್ಕೇ ದಿನಕ್ಕೆರಡು ಬಾರಿ
ಒಂದಿಷ್ಟು ಮರೆವು ನುಂಗಿಸುತ್ತೇನೆ.

ಬಕೆಟ್ಟು ತೊಳೆದು ಕೊಟ್ಟೆ.
‘ಏನಾಯ್ತು ಟೀಚರೇ?’
ಕೆಂಪು ತನ್ನನ್ನು ತಾನು ಹುಡುಕಿಕೊಂಡಿತು, ಎಂದೆ.
‘ಅಷ್ಟೇನಾ?’ ಎಂದು ಮೂಸಾಕ ಮತ್ತಿಯ ಮೇಲೆ ಐಸು ಸುರಿದ.
ಅಷ್ಟೇ.
ಮನೆಯ ಹಿಂದಿನ ತಂತಿಯ ಮೇಲೆ ವಸ್ತ್ರದ ತುಂಡು,
ಮೂರು ಬಾರಿ ಒಗೆದದ್ದು,
ಇನ್ನೂ ಎರಡು ಬಣ್ಣ ಹಿಡಿದುಕೊಂಡು ಆರುತ್ತಿದೆ.